ಏಕಪಾತ್ರದಲ್ಲಿ ಅಕ್ಕ: ಹಳೇಬೀಡಿನ ಕರಣಿಕನಿಂದ ಇಂದಿನ ರಂಗದವರೆಗೆ

ಚೈತ್ರಮಾಸದ ದವನದ ಹುಣ್ಣಿಮೆ ಅಕ್ಕಮಹಾದೇವಿಯ ಜಯಂತಿಯ ದಿನ. ಅಂದಿನ ಸಭೆಗಳಲ್ಲಿ ಪ್ರಾರ್ಥನೆ, ಸ್ವಾಗತ, ಉಪನ್ಯಾಸಗಳ ನಡುವೆ ಒಬ್ಬ ಬಾಲಿಕೆಯೋ ತರುಣಿಯೋ ಬಿಳಿಯ ಸೀರೆಯುಟ್ಟು, ಕೂದಲನ್ನು ಬಿಚ್ಚಿ ಹರಡಿಕೊಂಡು, ಅಂಗೈಯಲ್ಲಿ ಇಷ್ಟಲಿಂಗವನ್ನು ಹಿಡಿದು ವೇದಿಕೆಗೆ ಬರುವುದನ್ನು ನಮ್ಮ ವಾಚಕರು ಕಂಡಿರುತ್ತಾರೆ. ಅವಳು ಹತ್ತು ಹದಿನೈದು ನಿಮಿಷ ಒಬ್ಬಳೇ ಮಾತನಾಡುತ್ತಾಳೆ. ಉಡುತಡಿಯನ್ನು ನೆನೆಯುತ್ತಾಳೆ, ಕೌಶಿಕನನ್ನು ಜರೆಯುತ್ತಾಳೆ, ಕದಳಿಯ ಕಡೆಗೆ ಕೈಚಾಚಿ ನಿಲ್ಲುತ್ತಾಳೆ. ಚಪ್ಪಾಳೆಯ ನಡುವೆ ತೆರೆ ಬೀಳುತ್ತದೆ. ಶಾಲೆಗಳಲ್ಲಿ ಇದಕ್ಕೆ ಏಕಪಾತ್ರಾಭಿನಯವೆಂದು ಹೆಸರು. ನಗರದ ರಂಗಕರ್ಮಿಗಳು ಏಕವ್ಯಕ್ತಿ ಪ್ರದರ್ಶನವೆನ್ನುತ್ತಾರೆ. ಮಠದ ಪ್ರಸಾದನಿಲಯಗಳಲ್ಲಿ ಓದಿ ಈಗ ಊರೂರುಗಳಲ್ಲಿ ಉಪಾಧ್ಯಾಯರಾಗಿರುವ ನಮ್ಮ ಹಳೆಯ ವಿದ್ಯಾರ್ಥಿಗಳಲ್ಲಿ ಹಲವರು ಇಂಥ ಮಾತುಗಳನ್ನು ಬರೆದುಕೊಟ್ಟವರೇ ಆಗಿದ್ದಾರೆ.

ಆ ಹದಿನೈದು ನಿಮಿಷ ಮಾತನಾಡುವವಳು ಯಾರು? ಅಕ್ಕನೇ? ಹರಿಹರನ ಮಹಾದೇವಿಯೇ? ಚಾಮರಸನ ಮಹಾದೇವಿಯೇ? ಅಥವಾ ಮಾತನ್ನು ಬರೆದುಕೊಟ್ಟ ಮೇಷ್ಟರೇ? ಹತ್ತು ಜನ ಪಾತ್ರಧಾರಿಗಳಿರುವ ನಾಟಕದಲ್ಲಿ ಈ ಪ್ರಶ್ನೆ ಅಷ್ಟಾಗಿ ಬಾಧಿಸುವುದಿಲ್ಲ. ಅಲ್ಲಿ ಕೌಶಿಕನಿಗೆ ಕೌಶಿಕನ ಬಾಯಿದೆ, ಪ್ರಭುದೇವರಿಗೆ ಅವರ ಮಾತಿದೆ. ಕಥೆಯ ಭಾರವನ್ನು ಎಲ್ಲರೂ ಹಂಚಿಕೊಂಡು ಹೊರುತ್ತಾರೆ. ಒಬ್ಬಳೇ ನಿಂತಾಗ ಮಾತ್ರ, ರಂಗದ ಮೇಲೆ ಹುಟ್ಟಿದ ಪ್ರತಿಯೊಂದು ಮಾತೂ ಅಕ್ಕನ ಮಾತೇ ಆಗಿ ಸಭಿಕರ ಕಿವಿಗೆ ಸೇರುತ್ತದೆ. ಅದನ್ನು ಅಲ್ಲವೆನ್ನುವುದಕ್ಕೆ ಅಲ್ಲಿ ಇನ್ನೊಬ್ಬರಿಲ್ಲ.

ಈ ವಿಚಾರವನ್ನು ಎತ್ತಿಕೊಳ್ಳುವುದಕ್ಕೆ ನಮ್ಮ ಸೀಮೆಗೆ ವಿಶೇಷವಾದ ಅಧಿಕಾರವಿದೆ. ಹಳೇಬೀಡಿನಿಂದ ಬಾಣಾವರದ ಕಡೆಗೆ ಹೋಗುವ ದಾರಿಯಲ್ಲಿರುವ ಜಾವಗಲ್ಲಿನವರು ತಮ್ಮೂರೆಂದರೆ ಲಕ್ಷ್ಮೀನರಸಿಂಹ ದೇವಾಲಯವನ್ನು ತೋರಿಸುತ್ತಾರೆ. ಹದಿಮೂರನೆಯ ಶತಮಾನದ ನಡುವಣ ಕಾಲದ ಆ ತ್ರಿಕೂಟ, ಮಲ್ಲಿತಮ್ಮನಂಥ ರೂವಾರಿಯ ಉಳಿ ಆಡಿದ ಗೋಡೆಗಳು, ನೋಡತಕ್ಕವೇ ಸರಿ. ಆದರೆ ಆ ಕಲ್ಲುಗಳನ್ನು ಕೆತ್ತುವುದಕ್ಕೂ ಮುಂಚೆ ಇದೇ ಸೀಮೆಯ ಮತ್ತೊಬ್ಬನು ಅಕ್ಕನ ಬಾಳನ್ನು ಕಾವ್ಯವಾಗಿ ಕಂಡಿರಿಸಿದ್ದನು. ಆತನೇ ಹರಿಹರ. ದೋರಸಮುದ್ರದಲ್ಲಿ, ಎಂದರೆ ಇಂದಿನ ಹಳೇಬೀಡಿನಲ್ಲಿ, ನರಸಿಂಹ ಬಲ್ಲಾಳನಲ್ಲಿ ಕರಣಿಕನಾಗಿದ್ದವನು. ವಿದ್ವಾಂಸರು ಆತನ ಕಾಲವನ್ನು ಹನ್ನೆರಡನೆಯ ಶತಮಾನದ ಕೊನೆ ಹದಿಮೂರರ ಮೊದಲು ಎಂಬ ಮಿತಿಯಲ್ಲಿ ಇರಿಸುತ್ತಾರೆ.

ಕರಣಿಕ ಹರಿಹರನ ಕಥೆಯನ್ನು ಮುಂದಿನ ವೀರಶೈವ ಕವಿಗಳು ಹೇಳಿದ್ದಾರೆ. ಒಂದು ದಿನ ಆತ ಲೆಕ್ಕ ಬರೆಯುತ್ತಿದ್ದವನು ಇದ್ದಕ್ಕಿದ್ದಂತೆ ಕಡತವನ್ನು ಬಿಟ್ಟು ಎರಡೂ ಕೈಗಳನ್ನು ಹೊಸೆದು ಉಜ್ಜತೊಡಗಿದನಂತೆ. ಏನೆಂದು ಕೇಳಿದರೆ, ಹಂಪೆಯಲ್ಲಿ ವಿರೂಪಾಕ್ಷನ ಮುಂದಿನ ತೆರೆಗೆ ಆರತಿಯ ಉರಿ ತಗುಲಿತು, ಆರಿಸಿದೆ ಎಂದನಂತೆ. ಅರಸನು ವಿಚಾರಿಸಿದಾಗ ಸಂಗತಿ ನಿಜವಾಗಿತ್ತು. ಅಲ್ಲಿಂದ ಮುಂದೆ ಹರಿಹರನಿಗೆ ಅರಮನೆಯ ಲೆಕ್ಕ ಉಳಿಯಲಿಲ್ಲ; ಹಂಪೆಗೆ ಹೋದನು, ಗಿರಿಜಾಕಲ್ಯಾಣವನ್ನೂ ಶರಣರ ರಗಳೆಗಳನ್ನೂ ಬರೆದನು. ಕಥೆಯಲ್ಲಿ ಐತಿಹ್ಯದ ಪಾಲೆಷ್ಟು ಎಂಬುದು ಇರಲಿ. ಅರಸರನ್ನು ಹಾಡಬೇಕಾದ ಲೇಖನಿಯಿಂದ ಒಬ್ಬ ಹೆಣ್ಣುಮಗಳ ಬಾಳನ್ನು, ಅದೂ ಅರಮನೆಯನ್ನು ಒದ್ದು ಹೊರಟವಳ ಬಾಳನ್ನು ಬರೆದವನು ತಾನೂ ಅರಮನೆಯನ್ನು ಬಿಟ್ಟವನಾಗಿದ್ದನೆಂಬುದು ಗಮನಿಸತಕ್ಕದ್ದು. ಇದೇ ನರಸಿಂಹ ಬಲ್ಲಾಳನಲ್ಲಿ ಮಂತ್ರಿಯಾಗಿದ್ದು ಬೇಲೂರಿನಲ್ಲಿ ಕೆರೆಯನ್ನು ಕಟ್ಟಿಸಿ ಕೆರೆಯ ಪದ್ಮರಸನೆಂದು ಹೆಸರಾದವನೂ ಕವಿ. ಆತನ ದೀಕ್ಷಾಬೋಧೆಯು ರಗಳೆಯಲ್ಲಿ ನಡೆದ ಗುರುಶಿಷ್ಯರ ಸಂವಾದ. ಒಂದೇ ಆಸ್ಥಾನದಿಂದ ಬಂದ ಇಬ್ಬರೂ ರಗಳೆಯನ್ನು ಹಿಡಿದದ್ದು ಅದು ಓದುವುದಕ್ಕಿಂತ ಕೇಳುವುದಕ್ಕೆ ಒಗ್ಗಿದ ಛಂದಸ್ಸಾದ್ದರಿಂದ ಇರಬೇಕು. ಒಬ್ಬನು ಕುಳಿತು ರಾಗವಾಗಿ ಓದಿದರೆ ಊರಿಗೆ ಊರೇ ಕೇಳುತ್ತದೆ. ಅಕ್ಕನ ಕಥೆ ಒಂದೇ ಕಂಠದಿಂದ ಸಭೆಗೆ ಮುಟ್ಟುವ ಪದ್ಧತಿ ಇಂದಿನ ಏಕವ್ಯಕ್ತಿ ರಂಗಭೂಮಿಯಿಂದ ಹುಟ್ಟಿದ್ದಲ್ಲ. ಮಹಾದೇವಿಯಕ್ಕನ ರಗಳೆಯ ಗಮಕವಾಚನವೇ ಅದರ ಮೊದಲ ರೂಪ.

ಹೊಯ್ಸಳರ ರಾಜಧಾನಿಯಲ್ಲಿ ಬೇರೆ ಹೆಣ್ಣುಮಕ್ಕಳ ಹೆಸರುಗಳಿಲ್ಲವೆಂದಲ್ಲ. ವಿಷ್ಣುವರ್ಧನನ ಪಟ್ಟಮಹಿಷಿ ಶಾಂತಲೆ ಇದ್ದಾಳೆ. ಗೀತ ನೃತ್ಯಗಳಲ್ಲಿ ಆಕೆಗಿದ್ದ ಪ್ರೌಢಿಮೆಯನ್ನು ಶಾಸನಗಳು ಬಾಯ್ತುಂಬ ಹೊಗಳುತ್ತವೆ. ೧೧೩೧ರಲ್ಲಿ ಶಿವಗಂಗೆಯಲ್ಲಿ ಆಕೆ ತೀರಿಕೊಂಡದ್ದನ್ನು ಶ್ರವಣಬೆಳಗೊಳದ ಶಾಸನ ಹೇಳುತ್ತದೆ. ಆದರೆ ಆಕೆಯೇ ಆಡಿದ ಒಂದು ವಾಕ್ಯವಾದರೂ ನಮ್ಮ ಕೈಗೆ ಬಂದಿಲ್ಲ. ಕೆ.ವಿ. ಅಯ್ಯರ್, ಸಿ.ಕೆ. ನಾಗರಾಜರಾವ್ ಮೊದಲಾದ ಕಾದಂಬರಿಕಾರರು ಆಕೆಗೆ ಮಾತು ಕೊಟ್ಟರು; ಅದು ಅವರ ಮಾತು. ಇನ್ನು ಕಂತಿ. ಬಲ್ಲಾಳನ ಆಸ್ಥಾನದಲ್ಲಿ ನಾಗಚಂದ್ರನೊಡನೆ ಪದ್ಯದಲ್ಲಿ ಸೆಣಸಿದ ಜೈನ ಕವಯಿತ್ರಿಯೆಂದು ಆಕೆಯ ಪ್ರತೀತಿ. ಅವಳಿಂದ ಹೊಗಳಿಕೆ ಪಡೆಯಲಾರದೆ ನಾಗಚಂದ್ರನು ಸತ್ತವನಂತೆ ನಟಿಸಿದನಂತೆ. ಅವಳು ಅತ್ತು ಅವನ ಕವಿತ್ವವನ್ನು ಕೊಂಡಾಡಿದೊಡನೆ ಎದ್ದು ಕುಳಿತನಂತೆ. ದೇವಚಂದ್ರನ ರಾಜಾವಳಿ ಕಥೆಯಂಥ ಬಹು ಈಚಿನ ಗ್ರಂಥಗಳಿಂದ ತಿಳಿದುಬರುವ ಕಥೆಯಾದ್ದರಿಂದ ಅನೇಕ ವಿದ್ವಾಂಸರು ಕಂತಿಯ ಐತಿಹಾಸಿಕತೆಯನ್ನೇ ಸಂದೇಹಿಸಿದ್ದಾರೆ. ಸತ್ಯವಿದ್ದರೂ ಕೂಡ, ಗಂಡಸೊಬ್ಬನು ಹೂಡಿದ ಉಪಾಯದ ಮೂಲಕವೇ ಅವಳ ಮನಸ್ಸು ನಮಗೆ ಕೇಳಿಬರಬೇಕಾಗಿದೆ.

ಅಕ್ಕನ ಸಂಗತಿ ಹೀಗಲ್ಲ. ಆಕೆಯ ಮಾತುಗಳೇ ಉಳಿದಿವೆ. ಕರ್ನಾಟಕ ಸರ್ಕಾರವು ೧೯೯೩ರಲ್ಲಿ ಡಾ. ಎಂ.ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ ಹೊರತಂದ ಹದಿನೈದು ಸಮಗ್ರ ವಚನ ಸಂಪುಟಗಳಲ್ಲಿ ಐದನೆಯದು ಶಿವಶರಣೆಯರದು. ಅದರಲ್ಲಿ ಅಕ್ಕನ ಹೆಸರಿನ ವಚನಗಳೇ ನಾನೂರಕ್ಕೂ ಮಿಗಿಲಾಗಿವೆ. ಯೋಗಾಂಗ ತ್ರಿವಿಧಿಯ ತ್ರಿಪದಿಗಳು ಬೇರೆ. ಹನ್ನೆರಡನೆಯ ಶತಮಾನದಲ್ಲಿ ಒಬ್ಬ ಹೆಣ್ಣುಮಗಳು ತಾನು ಕಂಡದ್ದನ್ನು ತಾನೇ, ‘ನಾನು’ ಎಂದೇ ಹೇಳಿದ ಮಾತು ಇಷ್ಟು ಪ್ರಮಾಣದಲ್ಲಿ ಉಳಿದ ನಿದರ್ಶನ ವಿರಳ.

ಆ ವಚನಗಳ ರೀತಿಯನ್ನು ನೋಡಿರಿ. ಅವು ಏಕಾಂತದ ಸ್ವಗತಗಳಲ್ಲ. ಯಾರನ್ನಾದರೂ ಎದುರು ನಿಲ್ಲಿಸಿಕೊಂಡೇ ಹುಟ್ಟಿದವು. ಒಮ್ಮೆ ಅವ್ವನನ್ನು ಕರೆಯುತ್ತಾಳೆ, ಒಮ್ಮೆ ಕೆಳದಿಯನ್ನು, ಒಮ್ಮೆ ಎದುರಿಗೆ ಬಂದ ಕಾಮುಕನನ್ನು, ಮತ್ತೆ ಮತ್ತೆ ಚೆನ್ನಮಲ್ಲಿಕಾರ್ಜುನನನ್ನು. ಗಿಳಿ ಕೋಗಿಲೆ ತುಂಬಿ ನವಿಲುಗಳನ್ನು ನಿಲ್ಲಿಸಿ ವಿಚಾರಿಸುತ್ತಾಳೆ. ಹಸಿವು, ತೃಷೆ, ನಿದ್ರೆಗಳನ್ನು ಕೂಡ ಆಳುಗಳೊಡನೆ ಮಾತನಾಡುವಂತೆ ಮಾತನಾಡಿಸಿ ಅಡ್ಡಬರಬೇಡಿರೆಂದು ಹೇಳುವ ವಚನ ಒಂದಿದೆ. ಕೇಳುವವರು ಕಣ್ಣಿಗೆ ಕಾಣುವುದಿಲ್ಲ, ಹೇಳುವವಳು ಮಾತ್ರ ಕಾಣುತ್ತಾಳೆ. ಏಕಪಾತ್ರಾಭಿನಯಕ್ಕೆ ಬೇಕಾದುದು ಇದಲ್ಲದೆ ಮತ್ತೇನು? ನಾಟಕಕಾರನು ಹೊಸತಾಗಿ ಕಟ್ಟಬೇಕಾದದ್ದು ಇಲ್ಲಿ ಬಹಳ ಕಡಮೆ.

ಆದರೂ ಬರೆಯುವವರು ಹೆಚ್ಚಾಗಿ ನೆಚ್ಚುವುದು ವಚನವನ್ನಲ್ಲ, ಕಥೆಯನ್ನು. ಕಥೆಯೋ ಒಂದೇ ಆಗಿಲ್ಲ. ಹರಿಹರನಲ್ಲಿ ಮಹಾದೇವಿ ಜೈನ ದೊರೆ ಕೌಶಿಕನನ್ನು ಮದುವೆಯಾಗುತ್ತಾಳೆ. ತನ್ನ ಇಚ್ಛೆಯಂತೆ ಶಿವಪೂಜೆ, ಮಾಹೇಶ್ವರರ ಸಂಗ, ಗುರುಸೇವೆ ನಡೆಯಬೇಕೆಂದು ಕಟ್ಟು ಹಾಕಿ, ಅವನು ಮೂರು ಸಲ ತಪ್ಪಿದಾಗ ಹೊರಟುಬಿಡುತ್ತಾಳೆ; ನೇರವಾಗಿ ಶ್ರೀಶೈಲಕ್ಕೆ ಹೋಗುತ್ತಾಳೆ. ಕಲ್ಯಾಣದ ಪ್ರಸ್ತಾಪವೇ ಅಲ್ಲಿಲ್ಲ. ಎರಡು ಶತಮಾನಗಳು ಕಳೆದ ಮೇಲೆ ಪ್ರೌಢದೇವರಾಯನ ಕಾಲದಲ್ಲಿ ಪ್ರಭುಲಿಂಗಲೀಲೆಯನ್ನು ಬರೆದ ಚಾಮರಸನಲ್ಲಿ ಮದುವೆಯೇ ನಡೆಯುವುದಿಲ್ಲ. ಅದೇ ಶತಮಾನದಲ್ಲಿ ಶಿವಗಣಪ್ರಸಾದಿ ಮಹಾದೇವಯ್ಯನಿಂದ ಮೊದಲಾದ ಶೂನ್ಯಸಂಪಾದನೆಯಲ್ಲಿ ಅಕ್ಕ ಕಲ್ಯಾಣಕ್ಕೆ ಬರುತ್ತಾಳೆ, ಕಿನ್ನರಿ ಬ್ರಹ್ಮಯ್ಯನ ಪರೀಕ್ಷೆಯನ್ನು ದಾಟುತ್ತಾಳೆ, ಅನುಭಾವಿಗಳ ಸಭೆಯಲ್ಲಿ ಅಲ್ಲಮಪ್ರಭುವಿನ ಪ್ರಶ್ನೆಗಳಿಗೆ ಉತ್ತರ ಕೊಡುತ್ತಾಳೆ.

ಮದುವೆಯಾದಳೇ ಇಲ್ಲವೇ ಎಂಬುದರ ಮೇಲೆ ನಮ್ಮಲ್ಲಿ ಎಷ್ಟೋ ಕಾಲ ಬಿಸಿಬಿಸಿ ಚರ್ಚೆ ನಡೆದಿದೆ. ಆ ಚರ್ಚೆಯಲ್ಲಿ ಕನ್ಯೆಯಾಗಿ ಉಳಿದರೇ ಅಕ್ಕನಿಗೆ ಗೌರವವೆಂಬ ಭಾವನೆ ಕೆಲವರ ಮಾತಿನಲ್ಲಿ ಇಣುಕಿದ್ದುಂಟು. ಲೇಖಕನಿಗೆ ಇದು ಅಷ್ಟೇನೂ ಹಿಡಿಸಿದ ವಾದವಲ್ಲ. ಲೌಕಿಕದ ಗಂಡಂದಿರನ್ನು ಅಲ್ಲಗಳೆಯುವ ವಚನಗಳು ಅಕ್ಕನಲ್ಲಿ ಸ್ಪಷ್ಟವಾಗಿವೆ. ಕೌಶಿಕನ ಕಥೆಯನ್ನು ಮೊದಲಿಂದ ಕೊನೆಯವರೆಗೆ ತಾನೇ ನಿರೂಪಿಸಿದ ವಚನ ಮಾತ್ರ ಇಲ್ಲ. ಎಂದ ಮೇಲೆ, ರಂಗದ ಮೇಲಿನ ಅಕ್ಕನು ‘ನಾನು ಅರಮನೆಯಲ್ಲಿದ್ದಾಗ’ ಎಂದು ಆರಂಭಿಸಿದೊಡನೆ ಬಾಯಿ ಅವಳದು, ಮಾತು ಹರಿಹರನದು. ಅದರಲ್ಲಿ ದೋಷವಿದೆಯೆಂದು ನಾವು ಹೇಳುವುದಿಲ್ಲ. ಹರಿಹರನಂಥ ಭಕ್ತಕವಿಯ ಮಾತಿಗೆ ತಲೆಬಾಗಬೇಕಾದದ್ದೇ. ಅದು ಹರಿಹರನ ಮಾತೆಂಬುದು ಕೇಳುವವರಿಗೆ ತಿಳಿದಿರಬೇಕಷ್ಟೆ.

ಶೂನ್ಯಸಂಪಾದನೆಯ ಪ್ರಸಂಗ ಇನ್ನೂ ಸೂಕ್ಷ್ಮವಾದದ್ದು. ಸಂಪಾದನಕಾರರು ಬೇರೆ ಬೇರೆ ಸಂದರ್ಭಗಳಲ್ಲಿ ಹುಟ್ಟಿದ ವಚನಗಳನ್ನು ಆಯ್ದು, ಒಂದರ ಮುಂದೆ ಒಂದಿರಿಸಿ, ನಡುವೆ ತಮ್ಮ ಗದ್ಯವನ್ನು ಹೆಣೆದು ಸಂವಾದವನ್ನು ರಚಿಸಿದರು. ಇದು ನಾಟಕಕಾರರ ಕೆಲಸವೇ, ಅದೂ ಶ್ರೇಷ್ಠ ನಾಟಕಕಾರರದು. ಸೀರೆಯನ್ನು ಕಳಚಿದವಳು ಕೂದಲಿನಿಂದೇಕೆ ಮೈಯನ್ನು ಮರೆಮಾಡಿಕೊಂಡೆ ಎಂಬ ಪ್ರಭುವಿನ ಪ್ರಶ್ನೆ ಇಡೀ ಕನ್ನಡ ಸಾಹಿತ್ಯದಲ್ಲಿ ಅತ್ಯಂತ ಕಠೋರವಾದ ಪ್ರಶ್ನೆಗಳಲ್ಲೊಂದು. ಅಕ್ಕನ ಉತ್ತರದ ಹಿರಿಮೆ ಆ ಕಾಠಿಣ್ಯದಿಂದಲೇ ಹೊಳೆಯುತ್ತದೆ. ಏಕಪಾತ್ರದಲ್ಲಿ ಪ್ರಭುದೇವರಿಲ್ಲ. ಬಾಲಿಕೆ ಪಕ್ಕಕ್ಕೆ ಕಿವಿಗೊಟ್ಟು, ‘ಏನೆಂದಿರಿ ಪ್ರಭುವೇ, ಕೂದಲೇಕೆಂದಿರಾ?’ ಎಂದು ತಾನೇ ಪ್ರಶ್ನೆಯನ್ನು ಮೆಲ್ಲಗೆ ಆಡಿಕೊಂಡು ತಾನೇ ಉತ್ತರಿಸುತ್ತಾಳೆ. ಪರೀಕ್ಷೆ ಪರೀಕ್ಷೆಯಾಗಿ ಉಳಿಯದೆ ಕೇವಲ ವಿವರಣೆಯಾಗಿಬಿಡುತ್ತದೆ. ತೆರೆಯ ಹಿಂದಿನಿಂದ ಒಂದು ಗಂಭೀರ ಧ್ವನಿಯಲ್ಲಿ ಪ್ರಭುವಿನ ವಚನವನ್ನು ಹಾಗೆಯೇ ಓದಿಸಿದರೆ ಈ ನಷ್ಟ ತಪ್ಪುತ್ತದೆ. ಏಕಪಾತ್ರದ ನಿಯಮಕ್ಕೆ ಸ್ವಲ್ಪ ಭಂಗ ಬಂದರೂ ಬರಲಿ.

ಹೊರನಾಡುಗಳಲ್ಲಿ ಈ ಬಗೆಯ ಪ್ರದರ್ಶನ ಹೇಗೆ ಬೆಳೆಯಿತೆಂಬುದನ್ನು ನೋಡಿದರೆ ನಮ್ಮ ತೊಡಕು ಇನ್ನಷ್ಟು ತಿಳಿಯಾಗುತ್ತದೆ. ಅಮೆರಿಕದಲ್ಲಿ ೧೯೭೬ರಲ್ಲಿ ವಿಲಿಯಂ ಲೂಸ್ ಎಂಬವರು ಬರೆದ ‘ದ ಬೆಲ್ ಆಫ್ ಆಮ್‌ಹರ್ಸ್ಟ್’ ರಂಗಕ್ಕೆ ಬಂತು. ಜೂಲಿ ಹ್ಯಾರಿಸ್ ಎಂಬ ನಟಿ ಒಬ್ಬಳೇ ನಿಂತು ಕವಯಿತ್ರಿ ಎಮಿಲಿ ಡಿಕಿನ್ಸನ್ನಳ ಅಂತರಂಗವನ್ನು ಅಭಿನಯಿಸಿದಳು. ಡಿಕಿನ್ಸನ್ ಹುಟ್ಟಿದ್ದು ೧೮೩೦ರಲ್ಲಿ, ತೀರಿಕೊಂಡದ್ದು ೧೮೮೬ರಲ್ಲಿ. ಸುಮಾರು ೧೮೦೦ ಕವಿತೆಗಳನ್ನು ಬರೆದರೂ ಅವುಗಳಲ್ಲಿ ಬೆರಳೆಣಿಕೆಯಷ್ಟು ಮಾತ್ರ ಬದುಕಿದ್ದಾಗ ಅಚ್ಚಾದವು. ಆದರೆ ಆಕೆಯ ಕಾಗದಗಳಿದ್ದವು, ಮನೆಯಿತ್ತು, ತಾರೀಖುಗಳಿದ್ದವು. ಲೂಸ್ ಅವುಗಳಿಂದಲೇ ನಾಟಕವನ್ನು ಹೆಣೆದರು. ಡಿಕಿನ್ಸನ್ ಹುಟ್ಟಿದ ಕೆಲವೇ ವಾರಗಳ ತರುವಾಯ, ೧೮೩೧ರ ಆರಂಭದಲ್ಲಿ, ನಮ್ಮ ನೆರೆಯ ಮಹಾರಾಷ್ಟ್ರದಲ್ಲಿ ಹುಟ್ಟಿದವರು ಸಾವಿತ್ರಿಬಾಯಿ ಫುಲೆ. ಹೆಣ್ಣುಮಕ್ಕಳಿಗೆ ಶಾಲೆ ತೆರೆದವರು. ೧೮೫೪ರಲ್ಲಿ ‘ಕಾವ್ಯಫುಲೆ’ ಎಂಬ ಕವಿತಾಸಂಗ್ರಹವನ್ನು ಪ್ರಕಟಿಸಿದವರು. ಅವರನ್ನು ಕುರಿತು ಸುಷಮಾ ದೇಶಪಾಂಡೆಯವರು ೧೯೮೯ರಿಂದ ಒಬ್ಬರೇ ಅಭಿನಯಿಸಿದ ಮರಾಠಿ ನಾಟಕ ಹಳ್ಳಿಹಳ್ಳಿಗಳಲ್ಲಿ ನಡೆಯಿತು. ಅಲ್ಲಿಯೂ ಪತ್ರಗಳಿದ್ದವು, ದಾಖಲೆಗಳಿದ್ದವು.

ನಮ್ಮ ಕನ್ನಡದಲ್ಲಿ ಲೇಖಕಿಯೊಬ್ಬಳ ಮನಸ್ಸನ್ನೇ ರಂಗವನ್ನಾಗಿಸಿದ ನಾಟಕವೆಂದರೆ ಗಿರೀಶ ಕಾರ್ನಾಡರ ‘ಒಡಕಲು ಬಿಂಬ’. ೨೦೦೫ರಲ್ಲಿ ಬೆಂಗಳೂರಿನ ರಂಗಶಂಕರದಲ್ಲಿ ಅರುಂಧತಿ ನಾಗ್ ಅವರು ಅದನ್ನು ಅಭಿನಯಿಸಿದರು. ಮಂಜುಳಾ ನಾಯಕ್ ಎಂಬ ಕಾಲ್ಪನಿಕ ಲೇಖಕಿ ಇಂಗ್ಲಿಷಿನಲ್ಲಿ ಬರೆದ ಕಾದಂಬರಿಯಿಂದ ಜಗತ್ಪ್ರಸಿದ್ಧಳಾಗಿದ್ದಾಳೆ. ದೂರದರ್ಶನದ ಸ್ಟುಡಿಯೋದಲ್ಲಿ ಭಾಷಣ ಮುಗಿಸಿ ಏಳಬೇಕೆನ್ನುವಾಗ ಪರದೆಯ ಮೇಲಿನ ಅವಳದೇ ಬಿಂಬ ಅವಳನ್ನು ತಡೆದು ಪ್ರಶ್ನಿಸತೊಡಗುತ್ತದೆ. ಕೊನೆಗೆ ಹೊರಬೀಳುವ ಗುಟ್ಟೇನೆಂದರೆ, ಆ ಕಾದಂಬರಿಯನ್ನು ಬರೆದವಳು ಕಾಯಿಲೆಯಿಂದ ತೀರಿಕೊಂಡ ಅವಳ ತಂಗಿ ಮಾಲಿನಿ. ಒಬ್ಬಳ ಮಾತಿನ ಕೆಳಗೆ ಇನ್ನೊಬ್ಬಳ ಅಂಕಿತ ಬಿದ್ದಿತ್ತು.

ಅಂಕಿತವೆಂಬ ಮಾತು ನಮ್ಮನ್ನು ಮತ್ತೆ ಅಕ್ಕನ ಬಳಿಗೆ ತರುತ್ತದೆ. ಮಂಜುಳಾ ಮಾಡಿದ್ದು ತಂಗಿಯ ಮಾತಿಗೆ ತನ್ನ ಹೆಸರಿಟ್ಟದ್ದು. ಅಕ್ಕನ ವಿಷಯದಲ್ಲಿ ನಡೆದಿರುವುದು ಇದಕ್ಕೆ ತಿರುವುಮುರುವು: ಪರರ ಮಾತಿಗೆ ಅವಳ ಅಂಕಿತ. ತಾಳೆಗರಿಗಳಲ್ಲಿ ನೂರಾರು ವರ್ಷ ಪ್ರತಿಯಾಗುತ್ತ ಬಂದ ವಚನಗಳಲ್ಲಿ ಪ್ರಕ್ಷೇಪಗಳು ಸೇರಿಕೊಂಡಿವೆಯೆಂಬುದನ್ನು ಸಂಪಾದಕರೆಲ್ಲರೂ ಒಪ್ಪಿದ್ದಾರೆ. ವಿಜಾಪುರದಲ್ಲಿ ವಕೀಲಿಯನ್ನು ಬದಿಗಿಟ್ಟು, ಮನೆಮನೆ ಮಠಮಠ ಅಲೆದು ಓಲೆಗಳನ್ನು ಕೂಡಿಹಾಕಿ ೧೯೨೩ರಲ್ಲಿ ವಚನಶಾಸ್ತ್ರಸಾರವನ್ನು ಅಚ್ಚುಮಾಡಿದ ಫ.ಗು. ಹಳಕಟ್ಟಿಯವರಿಂದ (೧೮೮೦–೧೯೬೪) ಮೊದಲುಗೊಂಡು ಇಂದಿನವರೆಗೆ ವಿದ್ವಾಂಸರು ಪಾಠಗಳನ್ನು ಹೋಲಿಸುತ್ತ ಕಾಳು ಜೊಳ್ಳು ಬೇರ್ಪಡಿಸುತ್ತ ಬಂದದ್ದು ಇದಕ್ಕಾಗಿಯೇ. ಹೀಗೆ ಒಂದು ಕಡೆ ತೂರುತ್ತಿರುವಾಗ, ಮತ್ತೊಂದು ಕಡೆ ನಾವು ಜಯಂತಿಯ ಹಿಂದಿನ ರಾತ್ರಿ ಕುಳಿತು ನಮಗೆ ತೋಚಿದ ನಾಲ್ಕು ಸಾಲು ಬರೆದು ಕೊನೆಗೆ ‘ಚೆನ್ನಮಲ್ಲಿಕಾರ್ಜುನಾ’ ಎಂದು ಸೇರಿಸಿ ಬಾಲಿಕೆಯ ಬಾಯಿಗೆ ಕೊಡುತ್ತೇವೆ. ಅವಳು ಅದನ್ನು ಬಾಳೆಲ್ಲ ವಚನವೆಂದೇ ನೆನಪಿಡುತ್ತಾಳೆ. ತನ್ನ ಮಕ್ಕಳಿಗೂ ಹೇಳಿಕೊಡುತ್ತಾಳೆ.

ಇನ್ನೊಂದು ಮಾತನ್ನೂ ಆಡಬೇಕಾಗಿದೆ. ಎ.ಕೆ. ರಾಮಾನುಜನ್ ಅವರು ೧೯೭೩ರಲ್ಲಿ ‘ಸ್ಪೀಕಿಂಗ್ ಆಫ್ ಶಿವ’ ಎಂಬ ಪುಸ್ತಕದಲ್ಲಿ ಬಸವಣ್ಣ, ದೇವರ ದಾಸಿಮಯ್ಯ, ಅಲ್ಲಮರೊಡನೆ ಅಕ್ಕನ ವಚನಗಳನ್ನು ಇಂಗ್ಲಿಷಿಗೆ ತಂದ ಮೇಲೆ ಹೊರಜಗತ್ತು ಆಕೆಯನ್ನು ಅರಿತುಕೊಂಡಿತು. ಅದು ದೊಡ್ಡ ಉಪಕಾರ. ಆದರೆ ಅಲ್ಲಿಂದೀಚೆಗೆ ಅಕ್ಕನನ್ನು ಕುರಿತ ಬರಹಗಳಲ್ಲಿ, ರಂಗಪ್ರಯೋಗಗಳಲ್ಲಿ ಆಕೆಯ ದಿಗಂಬರತ್ವವೊಂದೇ ಮುಂದಕ್ಕೆ ಬಂದು ಉಳಿದುದೆಲ್ಲ ಹಿಂದೆ ಸರಿದಿದೆಯೆನಿಸುತ್ತದೆ. ನಮ್ಮ ಊರುಗಳ ಸಭೆಗಳಲ್ಲಿ ಆದದ್ದೂ ಅದೇ, ಬೇರೆ ದಾರಿಯಿಂದ. ಅವರು ಉಡುಗೆಯನ್ನು ತೆಗೆದುದನ್ನೇ ಹೇಳಿದರು, ನಾವು ಕೂದಲು ಮುಚ್ಚಿದುದನ್ನೇ ಹೇಳಿದೆವು. ಎರಡೂ ಮೈಯ ಸುದ್ದಿಯೇ. ಷಟ್ಸ್ಥಲವನ್ನು ವಿವರಿಸಿದ ಅಕ್ಕ, ಯೋಗದ ಮೆಟ್ಟಿಲುಗಳನ್ನು ತ್ರಿಪದಿಯಲ್ಲಿ ಎಣಿಸಿದ ಅಕ್ಕ, ಅರಿವನ್ನು ಕುರಿತು ಬಲ್ಲವರೊಡನೆ ವಾದಿಸಿದ ಅಕ್ಕ ರಂಗಕ್ಕೆ ಬರುವುದು ತೀರ ಅಪರೂಪ. ಲೇಖಕಿಯ ವಿಚಾರಗಳನ್ನು ತೋರಿಸುತ್ತೇವೆಂದು ಹೊರಟವರು ವಿಚಾರವನ್ನೇ ಬಿಟ್ಟರೆ ಹೇಗೆ?

ಸಂಗೀತಗಾರರು ಈ ವಿಷಯದಲ್ಲಿ ನಮಗಿಂತ ಜಾಣರಾದರು. ಮಲ್ಲಿಕಾರ್ಜುನ ಮನ್ಸೂರರು (೧೯೧೦–೧೯೯೨) ಬಾಲ್ಯದಲ್ಲಿ ನಾಟಕ ಕಂಪನಿಯಲ್ಲಿದ್ದು ಬಣ್ಣ ಹಚ್ಚಿದವರು. ಮುಂದೆ ಅಕ್ಕನ ವಚನಗಳನ್ನು ಹಾಡುವಾಗ ಬಣ್ಣವಿಲ್ಲ, ವೇಷವಿಲ್ಲ, ಹೆಣ್ಣಿನ ಕಂಠವೂ ಅಲ್ಲ. ಧೋತರವುಟ್ಟು ಟೊಪ್ಪಿಗೆ ಹಾಕಿದ ವೃದ್ಧರೊಬ್ಬರು ಕುಳಿತು ಹಾಡುತ್ತಿದ್ದರು. ಅವರ ಧ್ವನಿಮುದ್ರಿಕೆಗಳನ್ನು ಕೇಳಿದವರಿಗೆ ಅಲ್ಲಿ ಅಕ್ಕ ಕಾಣದೆ ಹೋದದ್ದಿಲ್ಲ. ಏಕೆಂದರೆ ಅವರು ವಚನಕ್ಕೆ ತಮ್ಮದೊಂದು ಮಾತನ್ನೂ ಕೂಡಿಸಲಿಲ್ಲ. ಎಳೆದರು, ಮರಳಿ ಮರಳಿ ಹೇಳಿದರು, ಒಂದು ಪದದ ಮೇಲೆ ನಿಂತರು, ಅಷ್ಟೆ.

ನಾಟಕದ ದಾರಿಯೂ ನಮಗೆ ಹೊಸತಲ್ಲ. ಸಿರಿಗೆರೆಯ ಲಿಂಗೈಕ್ಯ ಶ್ರೀ ಶಿವಕುಮಾರ ಶಿವಾಚಾರ್ಯ ಸ್ವಾಮಿಗಳವರು ತಾವೇ ‘ಮರಣವೇ ಮಹಾನವಮಿ’ ಮೊದಲಾದ ಶರಣ ನಾಟಕಗಳನ್ನು ಬರೆದರು. ಸಾಣೇಹಳ್ಳಿಯಲ್ಲಿ ಶ್ರೀ ಪಂಡಿತಾರಾಧ್ಯ ಶಿವಾಚಾರ್ಯ ಸ್ವಾಮಿಗಳವರು ೧೯೯೭ರಲ್ಲಿ ಆರಂಭಿಸಿದ ಶಿವಸಂಚಾರವು ನಾಡಿನ ಊರೂರುಗಳಿಗೆ ನಾಟಕಗಳನ್ನು ಒಯ್ದಿತು. ದೊಡ್ಡ ತಂಡ, ದೀಪ, ಪರದೆಗಳಿಲ್ಲದ ಸಣ್ಣ ಊರಿಗೆ ಏಕಪಾತ್ರವೇ ಒಗ್ಗುವ ಬಗೆ. ಒಬ್ಬ ಹುಡುಗಿ, ಒಂದು ಚಾಪೆ, ಒಂದು ದೀಪ ಸಾಕು.

ಆದ್ದರಿಂದ ಬರುವ ದವನದ ಹುಣ್ಣಿಮೆಗೆ ಮಾತು ಬರೆದುಕೊಡಲಿರುವ ಉಪಾಧ್ಯಾಯ ಬಂಧುಗಳಲ್ಲಿ ನಮ್ಮ ಅರಿಕೆ ಇಷ್ಟು. ಬಾಲಿಕೆ ಆರಂಭದಲ್ಲಿ ಅಕ್ಕನಾಗಿ ಬಾರದೆ ಕಥೆ ಹೇಳುವವಳಾಗಿ ಬರಲಿ. ಇಲ್ಲೇ ಹಳೇಬೀಡಿನಲ್ಲಿ ಲೆಕ್ಕ ಬರೆಯುತ್ತಿದ್ದ ಹರಿಹರನೆಂಬವನು ಹೀಗೆ ಹೇಳಿದನೆಂದು ಉಡುತಡಿಯ ಕಥೆಯನ್ನೂ ಕೌಶಿಕನ ಕಥೆಯನ್ನೂ ತನ್ನ ಮಾತಿನಲ್ಲೇ ಹೇಳಲಿ. ಚಾಮರಸನು ಬೇರೆ ಹೇಳಿದನೆಂಬುದನ್ನೂ ಒಂದು ಮಾತಿನಲ್ಲಿ ಸೂಚಿಸಲಿ. ಅನಂತರ ಕೂದಲನ್ನು ಬಿಚ್ಚಿಕೊಂಡು ಅಕ್ಕನಾದ ಮೇಲೆ ಸಂಪುಟದಲ್ಲಿರುವ ವಚನವನ್ನಲ್ಲದೆ ಬೇರೇನನ್ನೂ ಆಡದಿರಲಿ. ಅವ್ವನನ್ನು ಕರೆದ ವಚನ ಒಂದು, ಹಕ್ಕಿಗಳನ್ನು ಕೇಳಿದ್ದು ಒಂದು, ಹಸಿವು ನಿದ್ರೆಗಳಿಗೆ ಹೇಳಿದ್ದು ಒಂದು, ಪ್ರಭುವಿಗೆ ಉತ್ತರ ಕೊಟ್ಟದ್ದು ಒಂದು, ಯೋಗಾಂಗ ತ್ರಿವಿಧಿಯಿಂದ ಎರಡು ಮೂರು ತ್ರಿಪದಿಗಳು, ಶ್ರೀಶೈಲದ ವಚನ ಒಂದು. ಮಕ್ಕಳಿಗೆ ಹಳಗನ್ನಡದ ಕೆಲವು ಪದಗಳು ತೊಡಕಾಗಬಹುದು. ಅರ್ಥವನ್ನು ಮುಂಚೆಯೇ ಹೇಳಿಕೊಟ್ಟರೆ ಅವರು ನಮಗಿಂತ ಚೆನ್ನಾಗಿ ನುಡಿಯುತ್ತಾರೆ. ಆರೇಳು ವಚನಗಳಿಗೆ ಹದಿನೈದು ನಿಮಿಷ ಸಾಲದೆ ಬಂದರೆ ಸ್ವಾಗತ ಭಾಷಣದಿಂದ ಐದು ನಿಮಿಷ ತೆಗೆದುಕೊಳ್ಳಬಹುದು.